ಬರಕ್ಕೆ ಒಂದು ಬೇರು, ಬೆಂಕಿಗೆ ಇನ್ನೊಂದಾ? ಸವನ್ನಾ ಗಿಡಗಳ ಬೇರಿನ ಬಗ್ಗೆ ಗೊಂದಲ

ಗರಿಕೆಬೇರು (ಪ್ರಶ್ನೆ)

ಸವನ್ನಾ (ಹುಲ್ಲಿನ ನಡುವೆ ಅಲ್ಲಲ್ಲಿ ಮರಗಳಿರುವ ಬಯಲು) ಸಸ್ಯಗಳ ಬೇರಿನ ಮೇಲೆ ಪಾಠದ ಟಿಪ್ಪಣಿ ತಯಾರಾಗುತ್ತಿದೆ. ಎಲ್ಲಿ ನೋಡಿದರೂ ಒಂದೇ ಸಾಲು: "ಆಳವಾದ ಬೇರುಗಳು ಬರ ಮತ್ತು ಕಾಳ್ಗಿಚ್ಚು ಎರಡರಿಂದಲೂ ಗಿಡವನ್ನು ಕಾಪಾಡುತ್ತವೆ." ಇದು ಯಾಕೋ ಸರಿ ಕೂರುತ್ತಿಲ್ಲ. ಹುಲ್ಲಿನ ಬೆಂಕಿಯ ಕಾವು ಮಣ್ಣಿನಲ್ಲಿ ಗೇಣುದ್ದವೂ ಇಳಿಯುವುದಿಲ್ಲ ಅಂತಾರೆ. ಹಾಗಿದ್ದ ಮೇಲೆ ಬೆಂಕಿಯಿಂದ ತಪ್ಪಿಸಿಕೊಳ್ಳಲು ಹತ್ತಾರು ಮೀಟರ್ ಆಳದ ಬೇರು ಯಾಕೆ?

ಇನ್ನೆರಡು ಪ್ರಶ್ನೆ ಇದಕ್ಕೆ ಅಂಟಿಕೊಂಡೇ ಇವೆ. ನೆಲದೊಳಗೆ ಗಂಟುಗಂಟಾಗಿ ಊದಿಕೊಂಡಿರುವ ಭಾಗವನ್ನು ಒಬ್ಬರು ಬೇರು ಅಂತಾರೆ, ಇನ್ನೊಬ್ಬರು ಕಾಂಡ ಅಂತಾರೆ. ಕೈಯಲ್ಲಿ ಹಿಡಿದು ನೋಡಿದರೆ ಯಾವುದು ಅಂತ ಹೇಗೆ ಗೊತ್ತಾಗುತ್ತದೆ? ಮತ್ತೆ, "ಬೇರಿನಲ್ಲಿ ಆಹಾರ ಕೂಡಿಟ್ಟಿರುತ್ತದೆ, ಅದರಿಂದ ಮತ್ತೆ ಚಿಗುರುತ್ತದೆ" ಅನ್ನುವುದನ್ನು ಕಾಲೇಜು ಪ್ರಯೋಗಾಲಯದ ಮಟ್ಟದಲ್ಲಿ ತೋರಿಸಬಹುದಾ?

ಕರಿನೆಲ

ನಿಮ್ಮ ಅನುಮಾನ ಸರಿಯಾಗಿದೆ. ಆ ಸಾಲು ಎರಡು ಬೇರೆ ಬೇರೆ ಕೆಲಸಗಳನ್ನು ಒಂದೇ ಗಂಟಿಗೆ ಕಟ್ಟಿದೆ. ಬರ ಕೇಳುವುದು ಬೇರಿನ ಉದ್ದವನ್ನು, ಬೆಂಕಿ ಕೇಳುವುದು ದಪ್ಪವನ್ನು.

ಮೊದಲು ಕಾವಿನ ಲೆಕ್ಕ ನೋಡಿ. ಒಣಹುಲ್ಲು ಉರಿಯುವಾಗ ಜ್ವಾಲೆಯಲ್ಲಿ ನೂರಾರು ಡಿಗ್ರಿ ಇರುತ್ತದೆ, ನಿಜ. ಆದರೆ ಆ ಉರಿ ಒಂದು ಜಾಗದಲ್ಲಿ ನಿಲ್ಲುವುದು ಅರ್ಧ ನಿಮಿಷವೋ, ಹೆಚ್ಚೆಂದರೆ ಒಂದೆರಡು ನಿಮಿಷವೋ. ಬಿಸಿಯಲ್ಲಿ ಬಹುಪಾಲು ಮೇಲಕ್ಕೇ ಹೋಗುತ್ತದೆ. ಒಣಮಣ್ಣು ಕಾವನ್ನು ಒಳಗೆ ಬಿಟ್ಟುಕೊಳ್ಳುವುದು ಬಹಳ ನಿಧಾನ. ಜೀವಕೋಶ ಸಾಯಲು ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ನಿಮಿಷ ಸಾಕು, ಆದರೆ ಅಷ್ಟು ಬಿಸಿ ಮೇಲಿನ ಒಂದೆರಡು ಸೆಂಟಿಮೀಟರ್ ದಾಟುವುದು ಅಪರೂಪ. 5 ಸೆಂ.ಮೀ. ಕೆಳಗೆ ಹೋದರೆ ಏರಿಕೆ ಕೆಲವೇ ಡಿಗ್ರಿ. ಒಂದು ಅಪವಾದವಿದೆ: ಬಿದ್ದ ಮರದ ದಿಮ್ಮಿಯೋ ಒಣಗಿದ ಬೊಡ್ಡೆಯೋ ಗಂಟೆಗಟ್ಟಲೆ ಕನಲುತ್ತಾ ಕೂತರೆ ಅದರಡಿಯ ಮಣ್ಣು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ, ಅಲ್ಲಿ ಬೇರೂ ಬೀಜವೂ ಎರಡೂ ಸಾಯುತ್ತವೆ. ಬೆಂಕಿ ಹೋದ ಜಾಗದಲ್ಲಿ ಬಿಳಿ ಬೂದಿಯ ಪಟ್ಟೆ ಕಂಡರೆ ಅದು ಇದೇ.

ಹಾಗಾಗಿ ಬೆಂಕಿಯ ವಿಷಯದಲ್ಲಿ ಕೇಳಬೇಕಾದ್ದು ಎರಡೇ: ಚಿಗುರುವ ಮೊಗ್ಗು ಮಣ್ಣಿನ ಮಟ್ಟದಿಂದ ಎಷ್ಟು ಕೆಳಗಿದೆ? ಅದನ್ನು ಮೇಲಕ್ಕೆ ತಳ್ಳಲು ಪಕ್ಕದಲ್ಲೇ ಎಷ್ಟು ಪಿಷ್ಟ ಇದೆ? ಮೂರು ನಾಲ್ಕು ಬೆರಳಿನಷ್ಟು ಆಳ ಸಿಕ್ಕರೆ ಮೊಗ್ಗಿಗೆ ಧಾರಾಳ. 15 ಮೀಟರ್ ಕೆಳಗಿರುವ ಬೇರಿನ ತುದಿಗೆ ಬೆಂಕಿಯ ಸುದ್ದಿಯೇ ತಿಳಿಯುವುದಿಲ್ಲ.

ಆಳ ಇರುವುದು ನೀರಿಗೆ. ಪ್ರಪಂಚದ ಬೇರೆ ಬೇರೆ ಕಡೆಯ ಅಳತೆಗಳನ್ನು ಒಟ್ಟುಗೂಡಿಸಿ 1996ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಉಷ್ಣವಲಯದ ಸವನ್ನಾ ಸಸ್ಯಗಳ ಗರಿಷ್ಠ ಬೇರಿನ ಆಳದ ಸರಾಸರಿ ಸುಮಾರು 15 ಮೀಟರ್. ಮಳೆಕಾಡಿಗಿಂತ ಇದು ಹೆಚ್ಚು. ದಾಖಲೆಯ ಆಳವೂ ಇಲ್ಲಿಯದೇ: ದಕ್ಷಿಣದ ಆಫ್ರಿಕಾದ ಒಣ ಮರಳುನಾಡಾದ ಕಲಹರಿಯಲ್ಲಿ ಕೊಳವೆಬಾವಿ ಕೊರೆಯುವಾಗ ಬೋಸಿಯಾ ಆಲ್ಬಿಟ್ರಂಕಾ ಮರದ ಬೇರು 68 ಮೀಟರ್ ಕೆಳಗೆ ಸಿಕ್ಕಿತ್ತು. ಫೈಡರ್ಬಿಯಾ ಆಲ್ಬಿಡಾ ಇನ್ನೂ ಸ್ವಾರಸ್ಯದ ಮರ. ತಾಯಿಬೇರು ಅಂತರ್ಜಲ ಮುಟ್ಟಿದ ಮೇಲೆ ಬೇಸಿಗೆಯಲ್ಲಿ ಎಲೆ ತುಂಬಿಕೊಳ್ಳುತ್ತದೆ, ಮಳೆಗಾಲದಲ್ಲಿ ಉದುರಿಸುತ್ತದೆ. ಊರೆಲ್ಲ ಒಂದು ದಾರಿಯಾದರೆ ಇದಕ್ಕೇ ಒಂದು ದಾರಿ.

ಇನ್ನೊಂದು ಮಾತು ಟಿಪ್ಪಣಿಗೆ ಸೇರಿಸಿ. ಬರ ಮತ್ತು ಬೆಂಕಿ ಒಂದೇ ಜಾಗದಲ್ಲಿ ಸಮಸಮವಾಗಿ ಬರುವುದಿಲ್ಲ. ಬೆಂಕಿ ಹರಡಲು ಹುಲ್ಲು ಬೇಕು, ಹುಲ್ಲಿಗೆ ಮಳೆ ಬೇಕು. ಎಕರೆಗಟ್ಟಲೆ ನೆಲ ಬೋಳಾಗಿ ನಡುನಡುವೆ ನಾಲ್ಕು ಗುತ್ತಿ ಹುಲ್ಲಿದ್ದರೆ ಬೆಂಕಿ ದಾಟಲಾರದೆ ಅಲ್ಲೇ ಆರುತ್ತದೆ. ಆಫ್ರಿಕಾದ ಅಂಕಿಗಳ ಪ್ರಕಾರ ವರ್ಷಕ್ಕೆ ಸುಮಾರು 650 ಮಿ.ಮೀ.ಗಿಂತ ಕಡಿಮೆ ಮಳೆ ಬೀಳುವಲ್ಲಿ ಮರಗಳು ಎಷ್ಟು ದಟ್ಟವಾಗಬಹುದು ಅನ್ನುವುದನ್ನು ನೀರೇ ನಿರ್ಧರಿಸುತ್ತದೆ. ಅದಕ್ಕಿಂತ ಹೆಚ್ಚು ಮಳೆಯಾಗುವಲ್ಲಿ ನೀರಿನ ಮಟ್ಟಿಗೆ ಕಾಡೇ ಆಗಬಹುದು, ಆಗದಂತೆ ತಡೆಯುವುದು ಬೆಂಕಿ ಮತ್ತು ಮೇಯುವ ಪ್ರಾಣಿಗಳು. ಒಣ ತುದಿಯಲ್ಲಿ ಸಸಿ ಹಗ್ಗದಂಥ ಬೇರನ್ನು ಬೇಗ ಕೆಳಗಿಳಿಸಿದರೆ ಬದುಕುತ್ತದೆ. ಮಳೆ ಹೆಚ್ಚಿರುವ ತುದಿಯಲ್ಲಿ ಮೂಲಂಗಿಯಂಥ ಬೇರು ಕಟ್ಟಿದರೆ ಬದುಕುತ್ತದೆ. ಒಂದೇ ಸಸಿ ಎರಡನ್ನೂ ಪೂರ್ತಿಯಾಗಿ ಮಾಡಲಾರದು, ಎಲೆ ಗಳಿಸಿ ಕೊಡುವ ಇಂಗಾಲ ಅಷ್ಟೇ ತಾನೆ.

ತಾಳೆಗೆಡ್ಡೆ

ಮೇಲಿನವರು ಕಾವಿನ ಲೆಕ್ಕ ಹೇಳಿದ್ದಾರೆ, ನಾನು ಅಂಗಗಳ ಬಗ್ಗೆ ಹೇಳುತ್ತೇನೆ. ಬೇರೋ ಕಾಂಡವೋ ಅನ್ನುವುದಕ್ಕೆ ಹೊರನೋಟ ನಂಬಬೇಡಿ. ಅಡ್ಡಕ್ಕೆ ಕೊಯ್ದು ನೋಡಿ. ನಡುವೆ ತಿರುಳು, ಅಂದರೆ ಮೆತ್ತಗಿನ, ತಿಳಿಬಣ್ಣದ ಚುಕ್ಕೆ ಇದ್ದರೆ ಕಾಂಡ. ದ್ವಿದಳ ಗಿಡಗಳ ಬೇರಿನಲ್ಲಿ ಸಾಮಾನ್ಯವಾಗಿ ತಿರುಳಿರುವುದಿಲ್ಲ, ನಡುವಿನ ತನಕ ಕಟ್ಟಿಗೆಯೇ. ಒಂದೇ ಕೊಯ್ತಕ್ಕೆ ತೀರ್ಪು ಕೊಟ್ಟರೆ ಎಡವುತ್ತೀರಿ: ಊದಿದ ಗಂಟಿನ ಮೇಲರ್ಧ ಕಾಂಡವಾಗಿ ಕೆಳಗರ್ಧ ಬೇರಾಗಿರುವುದು ತೀರಾ ಸಾಮಾನ್ಯ. ಮೇಲಿಂದ ಕೆಳಕ್ಕೆ 2 ಸೆಂ.ಮೀ.ಗೊಂದು ಬಿಲ್ಲೆ ಕೊಯ್ದು ಸಾಲಾಗಿ ಜೋಡಿಸಿ, ತಿರುಳು ಎಲ್ಲಿ ಮುಗಿಯುತ್ತದೋ ಅಲ್ಲಿಂದ ಬೇರು ಶುರು.

ಮುಖ್ಯವಾಗಿ ಗೊತ್ತಿರಬೇಕಾದ ಬಗೆಗಳು ಇವು.

ಲಿಗ್ನೋಟ್ಯೂಬರ್. ಬುಡಗಂಟು ಅನ್ನಬಹುದು. ನೀಲಗಿರಿ ಜಾತಿಗಳಲ್ಲಿ ಬೀಜದಳದ ಮತ್ತು ಮೊದಲ ಕೆಲವು ಜೋಡಿ ಎಲೆಗಳ ಕಂಕುಳಲ್ಲಿ ಸಣ್ಣ ಗುಳ್ಳೆಯಂತೆ ಹುಟ್ಟಿ, ಒಂದಕ್ಕೊಂದು ಕೂಡಿಕೊಂಡು ನೆಲಮಟ್ಟದಲ್ಲಿ ಗಂಟಾಗುತ್ತದೆ. ಇದು ಕಾಂಡವೇ. ಒಳಗೆ ನೂರಾರು ಸುಪ್ತ ಮೊಗ್ಗು. ಸುಡಲಿ, ಕಡಿಯಲಿ, ಮುಖ್ಯ ಕಾಂಡ ಹೋದ ಕೂಡಲೇ ಎದ್ದು ಬರುತ್ತವೆ.

ಕ್ಸೈಲೋಪೋಡಿಯಂ. ಬ್ರೆಜಿಲ್‌ನ ಸೆರಾಡೋ ಸವನ್ನಾದಲ್ಲಿ ಹೆಚ್ಚು. ಕಲ್ಲಿನಷ್ಟು ಗಟ್ಟಿಯಾದ ಮರಗೆಡ್ಡೆ, ಬೇರು ಮತ್ತು ಕಾಂಡ ಎರಡರ ಅಂಶವೂ ಸೇರಿರಬಹುದು. ಇಲ್ಲಿ ಜನ ತಪ್ಪುವುದು ಒಂದು ಕಡೆ: ಗಟ್ಟಿ ಇದ್ದ ಮಾತ್ರಕ್ಕೆ ಪಿಷ್ಟ ತುಂಬಿದೆ ಅಂತಲ್ಲ. ಕೆಲವು ಕ್ಸೈಲೋಪೋಡಿಯಂಗಳ ಕೆಲಸ ಬರೀ ಮೊಗ್ಗು ಹೊರುವುದು, ದಾಸ್ತಾನು ಅದರ ಕೆಳಗಿನ ಬೇರಿನಲ್ಲಿ.

ನೆಲದೊಳಗಿನ ಮರಗಳು. ಮೇಲೆ ಮೊಣಕಾಲೆತ್ತರದ ಚಿಗುರು, ಕೆಳಗೆ ಹಲವು ಮೀಟರ್ ಹರಡಿದ ಮರದ ಮೈ. ಬ್ರೆಜಿಲ್‌ನ ಲಾಗೋವಾ ಸಾಂತಾದಲ್ಲಿ ಸಸ್ಯವಿಜ್ಞಾನಿ ಯೂಜೆನ್ ವಾರ್ಮಿಂಗ್ 1892ರಲ್ಲೇ ಆಂಡಿರಾ ಗಿಡವನ್ನು ಹೀಗೆ ಗುರುತಿಸಿದ್ದ. ಇನ್ನೊಬ್ಬ ಸಸ್ಯವಿಜ್ಞಾನಿ ಫ್ರಾಂಕ್ ವೈಟ್ 1976ರಲ್ಲಿ ಇವುಗಳನ್ನು ಆಫ್ರಿಕಾದ ಭೂಗತ ಕಾಡುಗಳು ಅಂತ ಕರೆದ. ಆಫ್ರಿಕಾದ ಪರಿನಾರಿ ಕ್ಯಾಪೆನ್ಸಿಸ್ ಹಾಗೇ: ಅದರ ದಾಯಾದಿ ಪರಿನಾರಿ ಕುರಟೆಲ್ಲಿಫೋಲಿಯಾ ದೊಡ್ಡ ಮರ, ಇದು ಪಾದ ಮುಳುಗುವಷ್ಟೇ ಎತ್ತರ. ಎರಿತ್ರೈನಾ ಜೇಹೆರಿಗೆ ದಕ್ಷಿಣ ಆಫ್ರಿಕಾದಲ್ಲಿ "ನೇಗಿಲು ಮುರುಕ" ಅಂತಲೇ ಹೆಸರು, ಬುಡದ ಗೆಡ್ಡೆಗೆ ತಗುಲಿದರೆ ನೇಗಿಲೇ ಮುರಿಯುತ್ತದೆ.

ಬೇರುಮರಿ. ನೆಲದಡಿ ಅಡ್ಡ ಓಡುವ ಬೇರಿನ ಮೇಲೆ ಹೊಸದಾಗಿ ಮೊಗ್ಗು ಹುಟ್ಟಿ ಎದ್ದ ಗಿಡ. ಮುತ್ತುಗ ಹೀಗೆ ಏಳುತ್ತದೆ, ಡೈಕ್ರೊಸ್ಟಾಕಿಸ್ ಸಿನೇರಿಯಾ ಅನ್ನುವ ಮುಳ್ಳುಪೊದೆ ಅಂತೂ ಕಡಿದಷ್ಟೂ ಏಳುತ್ತದೆ. ಪೊದೆ ತೆಗೆಯುತ್ತೇವೆ ಅಂತ ಬುಡ ಕಡಿದು ಬಿಟ್ಟರೆ ಒಂದಿದ್ದಲ್ಲಿ ಹತ್ತು, ಕಾರಣ ಇದೇ. ಗುರುತಿಸುವುದು ಸುಲಭ: ಬುಡದ ಸುತ್ತ ಮಣ್ಣು ಬಿಡಿಸಿದರೆ ನೇರ ತಾಯಿಬೇರು ಸಿಗುವುದಿಲ್ಲ, ಎರಡೂ ಕಡೆಗೆ ಹೋಗುವ ಅಡ್ಡಬೇರು ಸಿಗುತ್ತದೆ. ತಾಯಿಮರದಿಂದ ದೂರ ಹೋಗುವ ಕಡೆಯ ಬೇರು ಸಾಮಾನ್ಯವಾಗಿ ದಪ್ಪ.

ಕೊನೆಯದಾಗಿ, ನಾನು ಈ ಹೆಸರಿಟ್ಟುಕೊಳ್ಳಲು ಕಾರಣವಾದದ್ದು. ತಾಳೆಬೀಜ ಮೊಳೆಯುವಾಗ ಬೀಜದಳದ ಕೊಳವೆ ನೆಲದೊಳಕ್ಕೆ ಇಳಿಯುತ್ತದೆ, ಎಳೆ ಕುಡಿಯನ್ನು ತನ್ನ ತುದಿಯಲ್ಲಿ ಹೊತ್ತುಕೊಂಡು. ಕುಡಿ ಅಲ್ಲಿಂದ ಮತ್ತೆ ಮೇಲೆ ಬರಬೇಕು. ಆಫ್ರಿಕಾದ ಶಿಯಾ ಮರವೂ ಹೀಗೇ ಮೊಳೆಯುತ್ತದೆ. ಸುತ್ತುಬಳಸಿನ ದಾರಿ ಅನ್ನಿಸುತ್ತದೆ, ಆದರೆ ಮೊದಲ ಬೇಸಿಗೆಯಲ್ಲೇ ಬೆಂಕಿ ಬಂದರೂ ಮೊಗ್ಗು ಆಗಲೇ ಮಣ್ಣಿನಡಿ ಇರುತ್ತದೆ. ಬೀಜ ಮೇಲೆ ಬಿದ್ದದ್ದಷ್ಟೇ, ಗಿಡ ಹುಟ್ಟುವುದು ಕೆಳಗೆ.

ಒಣಹೊಳೆ

"ಮರದ ಬೇರು ಆಳ, ಹುಲ್ಲಿನ ಬೇರು ಮೇಲೆ, ಆದ್ದರಿಂದ ಇಬ್ಬರಿಗೂ ಜಗಳವಿಲ್ಲ" ಅಂತ ಟಿಪ್ಪಣಿಯಲ್ಲಿ ಬರೆಯುವ ಮುಂಚೆ ಸ್ವಲ್ಪ ನಿಲ್ಲಿ. ಅದು 1939ರ ಸುಮಾರಿಗೆ ಸಸ್ಯವಿಜ್ಞಾನಿ ಹೈನ್‌ರಿಕ್ ವಾಲ್ಟರ್ ಮುಂದಿಟ್ಟ ಎರಡು ಪದರದ ವಾದ. ಅರ್ಧ ಸತ್ಯ. ತಾಯಿಬೇರು ಆಳಕ್ಕೆ ಹೋದರೂ ಮರದ ಸಣ್ಣ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಅರ್ಧ ಮೀಟರ್‌ನಲ್ಲೇ ಹುಲ್ಲಿನ ಬೇರಿನ ಜೊತೆ ಹೆಣೆದುಕೊಂಡಿರುತ್ತವೆ. ಗೊಬ್ಬರದ ಅಂಶವೂ ಮೊದಲ ಮಳೆಯ ನೀರೂ ಇರುವುದು ಅಲ್ಲೇ. ಆಳದ ನಾಲ್ಕೇ ಬೇರು ಬೇಸಿಗೆಯಲ್ಲಿ ಮರವನ್ನು ಸಾಯದಂತೆ ಹಿಡಿದಿಡುತ್ತವೆ. ಬೇರಿನ ತೂಕ ನೋಡಿ ನೀರಿನ ಮೂಲ ಹೇಳಬಾರದು.

ಸಸಿಯ ಕಾಲದಲ್ಲಂತೂ ಪದರದ ಮಾತೇ ಇಲ್ಲ. ಹುಲ್ಲಿನ ಬೇರಿನ ಚಾಪೆಯನ್ನು ಸಸಿಯ ಬೇರು ತೂರಿಕೊಂಡೇ ಹೋಗಬೇಕು, ಎಷ್ಟೋ ಸಸಿಗಳು ಅಲ್ಲೇ ಒಣಗುತ್ತವೆ. ದಪ್ಪ ಕಾಂಡದ ಬಾವೋಬಾಬ್ ಮರ ಇನ್ನೊಂದು ಉಲ್ಟಾ ಉದಾಹರಣೆ: ಸಸಿಯಲ್ಲಿ ಮೂಲಂಗಿಯಂಥ ತಾಯಿಬೇರು, ದೊಡ್ಡ ಮರವಾದ ಮೇಲೆ ಬೇರೆಲ್ಲ ಮೇಲ್ಮಟ್ಟದಲ್ಲೇ ಹತ್ತಾರು ಮೀಟರ್ ಅಡ್ಡ ಹರಡಿರುತ್ತದೆ, 2 ಮೀಟರ್‌ಗಿಂತ ಕೆಳಗೆ ಹೋಗುವುದು ಕಡಿಮೆ.

ಆಳದ ಬೇರು ರಾತ್ರಿ ಹೊತ್ತು ನೀರನ್ನು ಮೇಲಿನ ಒಣಮಣ್ಣಿಗೆ ಬಿಡುವುದೂ ಉಂಟು. ಎಲೆಯ ಸೆಳೆತ ನಿಂತಾಗ ಒದ್ದೆ ಮಣ್ಣಿನಿಂದ ಒಣಮಣ್ಣಿನ ಕಡೆಗೆ ಬೇರೇ ಕೊಳವೆಯಾಗುತ್ತದೆ. ತಾಂಜಾನಿಯಾದ ಅಕೇಶಿಯಾ ಟಾರ್ಟಿಲಿಸ್ ಮರಗಳಲ್ಲಿ ಇದನ್ನು ಅಳೆದಿದ್ದಾರೆ. ಹಾಗಂತ ಮರ ಹುಲ್ಲಿಗೆ ನೀರು ಕುಡಿಸುತ್ತದೆ ಅಂತ ಕರುಣೆಯ ಕಥೆ ಹೆಣೆಯಬೇಡಿ. ಕಂದಕ ತೋಡಿ ಮರದ ಬೇರು ಕತ್ತರಿಸಿದಾಗ ಹುಲ್ಲಿಗೆ ನೀರು ಹೆಚ್ಚೇ ಸಿಕ್ಕಿತು. ಕೊಡುವುದಕ್ಕಿಂತ ಕಿತ್ತುಕೊಳ್ಳುವುದು ಜಾಸ್ತಿ.

ಗರಿಕೆಬೇರು

ಎಲ್ಲರಿಗೂ ಥ್ಯಾಂಕ್ಸ್. ಎರಡು ಪದರದ ಪ್ಯಾರಾ ಆಗಲೇ ಬರೆದಿಟ್ಟಿದ್ದೆ, ತೆಗೆದೆ. ಪಿಷ್ಟದ ಪ್ರಯೋಗದ ಬಗ್ಗೆ ಯಾರಾದರೂ ಹೇಳಿ. ಅಯೋಡಿನ್ ಹಾಕಿದರೆ ಸಾಕಾ? ಇನ್ನೊಂದು: ಪ್ರತಿ ವರ್ಷ ಸುಟ್ಟರೂ ಚಿಗುರುತ್ತಲೇ ಇರುವ ಸಸಿಗೆ ದಾಸ್ತಾನು ಎಂದಾದರೂ ಖಾಲಿಯಾಗುತ್ತದಾ?

ಬಿಲ್ಲೆಕೊಯ್ತ

ಅಯೋಡಿನ್ ಇದೆ ಇಲ್ಲ ಅನ್ನುವುದಕ್ಕೆ ಸಾಕು, ಎಷ್ಟಿದೆ ಅನ್ನುವುದಕ್ಕೆ ಸಾಲದು.

ದ್ರಾವಣ: 2 ಗ್ರಾಂ ಪೊಟ್ಯಾಸಿಯಂ ಅಯೋಡೈಡನ್ನು ಮೊದಲು ಸ್ವಲ್ಪ ನೀರಿನಲ್ಲಿ ಕರಗಿಸಿ, ಅದಕ್ಕೆ 1 ಗ್ರಾಂ ಅಯೋಡಿನ್ ಹಾಕಿ ಕಲಕಿ, ಆಮೇಲೆ 300 ಮಿ.ಲೀ.ಗೆ ನೀರು ಸೇರಿಸಿ. ಈ ಕ್ರಮ ತಪ್ಪಬೇಡಿ. ಬರೀ ನೀರಿಗೆ ಅಯೋಡಿನ್ ಹಾಕಿದರೆ ಅದು ತಳದಲ್ಲಿ ಹರಳಾಗಿಯೇ ಕೂರುತ್ತದೆ. ಕಂದು ಬಾಟಲಿಯಲ್ಲಿಡಿ.

ಬುಡದ ಕೆಳಗೆ 10ರಿಂದ 20 ಸೆಂ.ಮೀ. ನಡುವೆ ತಾಯಿಬೇರಿನ ಬಿಲ್ಲೆ ಕೊಯ್ಯಿರಿ. ಹೊಸ ಬ್ಲೇಡ್ ಬಳಸಿ, ಮೇಲ್ಮೈ ನುಣುಪಾಗಿರಲಿ. ಹನಿ ಹಾಕಿ ಒಂದೆರಡು ನಿಮಿಷ ಬಿಟ್ಟು ಒರೆಸಿ. ಪಿಷ್ಟ ತುಂಬಿದ ಬೇರಾದರೆ ನಡುವಿನಿಂದ ತೊಗಟೆಯ ಕಡೆಗೆ ಗಾಡಿಚಕ್ರದ ಕಡ್ಡಿಗಳ ಹಾಗೆ ಕಡುನೀಲಿ ಗೆರೆಗಳು ಏಳುತ್ತವೆ. ಪಿಷ್ಟ ಕೂರುವುದು ಆ ಕಿರಣಕೋಶಗಳಲ್ಲಿ ಮತ್ತು ನೀರ್ನಾಳಗಳ ಸುತ್ತಲಿನ ಮೃದುಕೋಶಗಳಲ್ಲಿ. ನೀರ್ನಾಳಗಳ ಬಾಯಿ ಮಾತ್ರ ಹಾಗೇ ಬೆಳ್ಳಗೆ ಉಳಿಯುತ್ತದೆ. ಕೈಮಸೂರದಲ್ಲಿ ನೋಡಿದರೂ ಕಾಣುತ್ತದೆ. ಬುಡ ಸುಟ್ಟು ಆಗತಾನೇ ಚಿಗುರೆತ್ತಿದ ಗಿಡದ ಬಿಲ್ಲೆಯನ್ನು ಪಕ್ಕದಲ್ಲಿಟ್ಟರೆ ಅದೇ ಕಡ್ಡಿಗಳು ಮಸುಕು ಮಸುಕು.

ಕೈಕೊಡುವುದು ಎರಡು ಕಡೆ. ಜಾಲಿ ಜಾತಿಯ ಬೇರುಗಳಲ್ಲಿ ಟ್ಯಾನಿನ್ (ಒಗರಿನ ಅಂಶ) ಜಾಸ್ತಿ, ಕೊಯ್ದ ಮೈ ತಾನಾಗಿಯೇ ಕಂದು ಕಪ್ಪಾಗುತ್ತದೆ. ಅಯೋಡಿನ್ ಹಾಕದ ಇನ್ನೊಂದು ಬಿಲ್ಲೆ ಹೋಲಿಕೆಗೆ ಇರಲೇಬೇಕು. ಎರಡನೆಯದು, ಸೂರ್ಯಕಾಂತಿ ಕುಟುಂಬದ ಸೆರಾಡೋ ಗಿಡಗಳು ಪಿಷ್ಟದ ಬದಲು ಇನ್ಯುಲಿನ್ ಅನ್ನುವ ಬೇರೆ ಬಗೆಯ ಶರ್ಕರವನ್ನು ಕೂಡಿಡುತ್ತವೆ. ಗೆಡ್ಡೆ ತುಂಬಿ ತುಳುಕುತ್ತಿದ್ದರೂ ಅಯೋಡಿನ್‌ಗೆ ನೀಲಿ ಬರುವುದಿಲ್ಲ, "ಖಾಲಿ" ಅಂತ ಬರೆದುಕೊಂಡರೆ ಕೆಟ್ಟಿರಿ.

ಪ್ರಮಾಣ ಬೇಕಿದ್ದರೆ: ಅಗೆದ ಕೂಡಲೇ ಐಸ್ ಮೇಲಿಟ್ಟು ತನ್ನಿ, ಅದೇ ದಿನ ಮೈಕ್ರೋವೇವ್‌ನಲ್ಲಿ ಒಂದೆರಡು ನಿಮಿಷ ಕಾಯಿಸಿ ಕಿಣ್ವಗಳನ್ನು ಕೊಲ್ಲಿ, ಆಮೇಲೆ 60ರಿಂದ 70 ಡಿಗ್ರಿಯಲ್ಲಿ ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಿ. ಚೀಲದಲ್ಲಿ ಎರಡು ದಿನ ಬಿಟ್ಟರೆ ಬೇರು ಉಸಿರಾಡುತ್ತಾ ತನ್ನ ದಾಸ್ತಾನನ್ನು ತಾನೇ ತಿನ್ನುತ್ತದೆ. ಪುಡಿ ಮಾಡಿ, ಬಿಸಿ 80 ಶೇಕಡಾ ಎಥನಾಲ್‌ನಲ್ಲಿ ಎರಡು ಮೂರು ಸಲ ತೊಳೆದು ಸಕ್ಕರೆ ತೆಗೆದು, ಉಳಿದದ್ದನ್ನು ಅಮೈಲೇಸ್ ಮತ್ತು ಅಮೈಲೋಗ್ಲೂಕೋಸಿಡೇಸ್ ಕಿಣ್ವಗಳಿಂದ ಗ್ಲೂಕೋಸ್ ಆಗಿ ಒಡೆದು ಅಳೆಯಿರಿ, ಪಿಷ್ಟದ ತೂಕಕ್ಕೆ ತರಲು ಬಂದದ್ದನ್ನು 0.9ರಿಂದ ಗುಣಿಸಿ. ಶೇಕಡಾವಾರು ಒಂದನ್ನೇ ಹೋಲಿಸಬೇಡಿ. 100 ಗ್ರಾಂ ಬೇರಿನಲ್ಲಿ ಶೇ. 5 ಅಂದರೆ 5 ಗ್ರಾಂ, 20 ಗ್ರಾಂ ಬೇರಿನಲ್ಲಿ ಶೇ. 10 ಅಂದರೆ 2 ಗ್ರಾಂ. ಚಿಗುರಿಗೆ ಬೇಕಿರುವುದು ಗ್ರಾಂ.

ಕಿಣ್ವ, ಯಂತ್ರ ಇಲ್ಲದಿದ್ದರೆ ಇದಕ್ಕಿಂತ ಒಳ್ಳೆಯ ಪ್ರಯೋಗ ಕತ್ತಲೆಯ ಚಿಗುರು. ಸಸಿಗಳನ್ನು ನೆಲದಿಂದ 2 ಸೆಂ.ಮೀ. ಮೇಲೆ ಕತ್ತರಿಸಿ, ಬೆಳಕು ನುಗ್ಗದ ಡಬ್ಬ ಮುಚ್ಚಿ. ಬೆಳಕಿಲ್ಲದೆ ಬರುವ ಬಿಳಿಚಿದ ಚಿಗುರೆಲ್ಲ ದಾಸ್ತಾನಿನಿಂದಲೇ ಬಂದದ್ದು. ಎರಡು ಮೂರು ವಾರಕ್ಕೊಮ್ಮೆ ಕೊಯ್ದು, ಒಣಗಿಸಿ, ತೂಗಿ. ಚಿಗುರುವುದು ನಿಂತಾಗ ಒಟ್ಟು ತೂಕ ಕೂಡಿಸಿ. ಡಬ್ಬದ ಹೊರಮೈಗೆ ಬಿಳಿ ಬಳಿಯಿರಿ, ಇಲ್ಲವಾದರೆ ಒಳಗೆ ಬೆಂದು ಸಾಯುತ್ತದೆ, ನೀವು ದಾಸ್ತಾನು ಮುಗಿಯಿತು ಅಂದುಕೊಳ್ಳುತ್ತೀರಿ. ಕತ್ತರಿಸುವುದು ಬೆಂಕಿಗೆ ಸಮ ಅಲ್ಲ ಅನ್ನುವುದೂ ನೆನಪಿರಲಿ. ಬೆಂಕಿ ನೆಲಮಟ್ಟದ ಮೊಗ್ಗುಗಳನ್ನೂ ಸುಡುತ್ತದೆ, ಕತ್ತರಿ ಅವನ್ನು ಬಿಡುತ್ತದೆ.

ಸಸಿ ಬೆಳೆಸುವುದು ಚಿಕ್ಕ ಕುಂಡದಲ್ಲಾದರೆ ಪ್ರಯೋಗ ಅಲ್ಲೇ ಹಾಳು. ಬೇರು ತಳಕ್ಕೆ ತಗುಲಿ ಸುರುಳಿ ಸುತ್ತುತ್ತದೆ, ದಪ್ಪ ಉದ್ದ ಎರಡೂ ಸುಳ್ಳಾಗುತ್ತವೆ. 10ರಿಂದ 15 ಸೆಂ.ಮೀ. ಅಗಲ, 1 ಮೀಟರ್ ಉದ್ದದ ಪಿವಿಸಿ ಪೈಪನ್ನು ಉದ್ದಕ್ಕೆ ಎರಡು ಸೀಳು ಮಾಡಿ ತಂತಿಯಿಂದ ಬಿಗಿದು ಮರಳುಮಣ್ಣು ತುಂಬಿ. ತಂತಿ ಬಿಚ್ಚಿದರೆ ಬೇರು ಇಡಿಯಾಗಿ ಸಿಗುತ್ತದೆ. ತಳಕ್ಕೆ ಬಲೆ ಕಟ್ಟಿ, ಮುಚ್ಚಿದರೆ ಕೆಳಗೆ ನೀರು ನಿಂತು ತುದಿ ಕೊಳೆಯುತ್ತದೆ.

ನಿಮ್ಮ ಎರಡನೇ ಪ್ರಶ್ನೆಗೆ: ಖಾಲಿಯಾಗುತ್ತದೆ, ಆದರೆ ಬೆಂಕಿ ಯಾವಾಗ ಬಿತ್ತು ಅನ್ನುವುದರ ಮೇಲಿದೆ. ಮಳೆಗಾಲದ ಕೊನೆಗೆ ಕಣಜ ತುಂಬಿರುತ್ತದೆ. ಎಲೆ ಉದುರಿ ನಿಂತ ಗಿಡಕ್ಕೆ ಬೆಂಕಿ ಬಿದ್ದರೆ ಮೇಲಿನ ಕಡ್ಡಿ ಹೋಗುತ್ತದೆ, ಕಣಜ ಉಳಿಯುತ್ತದೆ. ಹೊಸ ಎಲೆ ಬಿಟ್ಟ ಕೂಡಲೇ ಕಣಜ ತಳ ಕಂಡಿರುತ್ತದೆ, ಆಗ ಎರಡನೇ ಪೆಟ್ಟು ಬಿದ್ದರೆ ಸಣ್ಣ ಸಸಿ ಏಳುವುದು ಕಷ್ಟ. ವರ್ಷಕ್ಕೊಂದೇ ಬೆಂಕಿಯಾದರೆ ಮುಂದಿನ ಮಳೆಗಾಲದಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನದಲ್ಲಿ 1954ರಿಂದ ಬೇರೆ ಬೇರೆ ಅಂತರದಲ್ಲಿ ಸುಡುತ್ತಾ ಬಂದಿರುವ ತಾಕುಗಳಿವೆ. ನಾಲ್ಕು ದಶಕದ ನಂತರ ನೋಡಿದಾಗ ಮರಗಳ ಸಂಖ್ಯೆಯಲ್ಲಿ ಅಂಥ ವ್ಯತ್ಯಾಸವಿರಲಿಲ್ಲ, ವ್ಯತ್ಯಾಸ ಇದ್ದದ್ದು ಎತ್ತರದಲ್ಲಿ. ಸುಟ್ಟಲ್ಲಿ ಗಿಡಗಳು ಸತ್ತಿರಲಿಲ್ಲ, ಕುಳ್ಳಾಗಿಯೇ ಉಳಿದಿದ್ದವು. ಸಾಲ್ ಮತ್ತು ತೇಗದ ಸಸಿಗಳೂ ಹೀಗೇ ವರ್ಷ ವರ್ಷ ಮೇಲೆ ಒಣಗಿ ಕೆಳಗೆ ದಪ್ಪಗಾಗುತ್ತಾ ಕಾಯುತ್ತವೆ. ಒಂದೆರಡು ವರ್ಷ ಬೆಂಕಿ ತಪ್ಪಿದರೆ ಆ ದಾಸ್ತಾನಿನ ಬಲದಲ್ಲಿ ಒಂದೇ ನೆಗೆತಕ್ಕೆ ಜ್ವಾಲೆಯ ಎತ್ತರ ದಾಟಿಬಿಡುತ್ತವೆ. ಆದ್ದರಿಂದ ಮೊಣಕಾಲೆತ್ತರದ ಗಿಡ ಕಂಡರೆ ಅದರ ವಯಸ್ಸು ಎತ್ತರದಿಂದ ಹೇಳಬೇಡಿ.

ಕರಿನೆಲ

ಹುಲ್ಲನ್ನು ಎಲ್ಲರೂ ಬಿಟ್ಟೇಬಿಟ್ಟಿದ್ದೀರಿ. ಹುಲ್ಲಿಗೆ ಆಳವೂ ಬೇಡ, ಗೆಡ್ಡೆಯೂ ಬೇಡ. ಥೆಮೆಡಾದಂಥ ಗುತ್ತಿಹುಲ್ಲಿನ ಬೆಳೆಯುವ ತುದಿ ನೆಲಮಟ್ಟದಲ್ಲಿ ಒತ್ತಾದ ಎಲೆಪೊರೆಗಳ ನಡುವೆ ಹುದುಗಿರುತ್ತದೆ. ಇಂಪೆರಾಟಾ ಹುಲ್ಲಾದರೆ ಮಣ್ಣಿನಡಿಯ ಬೇರುಕಾಂಡದಿಂದ ಏಳುತ್ತದೆ, ಸುಟ್ಟ ಮೇಲೆ ಮೊದಲು ಹಸಿರಾಗುವುದೇ ಅದು. ಬರದಲ್ಲಿ ಹುಲ್ಲು ಸಣ್ಣ ಬೇರುಗಳನ್ನು ಸಾಯಲು ಬಿಡುತ್ತದೆ, ಮಳೆ ಬಿದ್ದ ಕೆಲವೇ ದಿನದಲ್ಲಿ ಬುಡದಿಂದ ಹೊಸದು. ಮರಳುನೆಲದ ಕೆಲವು ಹುಲ್ಲುಗಳ ಬೇರಿಗೆ ಮರಳಿನದೇ ಕವಚ ಇರುತ್ತದೆ. ಬೇರು ಸೂಸುವ ಲೋಳೆ ಮತ್ತು ಬೇರುಗೂದಲು ಸೇರಿ ಮರಳನ್ನು ಹಿಡಿದಿರುತ್ತವೆ, ಕಿತ್ತು ಝಾಡಿಸಿದರೂ ಉದುರುವುದಿಲ್ಲ. ತೊಳೆಯುವಾಗ ಇದನ್ನು ಕೊಳೆ ಅಂತ ಉಜ್ಜಿ ತೆಗೆಯಬೇಡಿ, ಮೊದಲು ಕವಚದ ಸಮೇತ ತೂಗಿ.

ತಾಳೆಗೆಡ್ಡೆ

ಟಿಪ್ಪಣಿಯಲ್ಲಿ "ಬೆಂಕಿಗಾಗಿಯೇ ವಿಕಾಸವಾದವು" ಅಂತ ಒಂದೇ ಮಾತಿನಲ್ಲಿ ಮುಗಿಸಬೇಡಿ. ಸೆರಾಡೋದ ಹಲವು ಗಿಡಗಳ ವಂಶವೃಕ್ಷ ನೋಡಿದಾಗ ಈ ರೂಪಗಳು ಕಾಣಿಸಿಕೊಂಡದ್ದು ಸುಮಾರು 40 ಲಕ್ಷ ವರ್ಷಗಳಿಂದೀಚೆಗೆ, ಹುಲ್ಲು ಹರಡಿ ಬೆಂಕಿ ಹೆಚ್ಚಿದ ಕಾಲಕ್ಕೆ ಅದು ಹೊಂದುತ್ತದೆ. ಆದರೆ ನೆಲದೊಳಗಿನ ಮರಗಳ ಬಗ್ಗೆ ವೈಟ್ ಕಾರಣವಾಗಿ ಹೇಳಿದ್ದು ನೀರು ನಿಲ್ಲುವ, ಸಾರವಿಲ್ಲದ ಕಲಹರಿ ಮರಳನ್ನು. ಅಂಗೋಲಾದ ಎತ್ತರದ ಬಯಲುಗಳಲ್ಲಿ ಕೆಲಸ ಮಾಡಿದವರು ರಾತ್ರಿಯ ಹಿಮ (ಫ್ರಾಸ್ಟ್) ಕಾರಣ ಅಂತಾರೆ, ಹಿಮವೂ ಚಿಗುರನ್ನು ಸುಡುತ್ತದೆ. ಮೊಗ್ಗು ಮಣ್ಣಿನಡಿ ಇದ್ದರೆ ಎಲ್ಲದಕ್ಕೂ ಆಗಿಬರುತ್ತದೆ. ಒಂದೇ ಕಾರಣಕ್ಕೆ ಕಟ್ಟಿಹಾಕುವುದು ನನಗಂತೂ ಅವಸರ ಅನ್ನಿಸುತ್ತದೆ.

ಗಿಫ್‌ಬ್ಲಾರ್ ಅನ್ನುವ ಡೈಕಾಪೆಟಾಲಮ್ ಸೈಮೋಸಮ್ ಅನ್ನು ಉದಾಹರಣೆಗೆ ಹಾಕಿಕೊಳ್ಳಿ. ದಕ್ಷಿಣ ಆಫ್ರಿಕಾದಲ್ಲಿ ಮಳೆಗೆ ಮುಂಚೆ, ಹುಲ್ಲೆಲ್ಲ ಒಣಗಿರುವಾಗ, ನೆಲದಡಿಯ ಮರದ ಬಲದಿಂದ ಅದೊಂದೇ ಹಸಿರಾಗುತ್ತದೆ. ಎಲೆಯಲ್ಲಿ ಫ್ಲೋರೋಅಸಿಟೇಟ್ ವಿಷ. ಹಸಿದ ದನ ಬಾಯಿ ಹಾಕಿ ಸಾಯುವುದು ಆ ಕೆಲವು ವಾರಗಳಲ್ಲೇ ಹೆಚ್ಚು.

ಉಳುಮೆಯ ಬಗ್ಗೆಯೂ ಒಂದು ಸಾಲು ಬೇಕು. ಬೆಂಕಿಗೂ ಬರಕ್ಕೂ ಜಗ್ಗದ ಈ ಗಿಡಗಳು ಒಂದು ಸಲ ಆಳ ಉತ್ತರೆ ಹೋದವೇ. ಮತ್ತೆ ಬೀಜ ಎರಚಿದರೆ ಹುಲ್ಲು ಬರುತ್ತದೆ, ಮೇಲಿನಿಂದ ನೋಡಿದರೆ ಸವನ್ನಾವೇ. ಗುದ್ದಲಿ ಹಾಕಿದರೆ ಕೆಳಗೆ ಬರೀ ಎಳೆಬೇರು.